ಡೈರಿಯ ಕಂಪ್ಯೂಟರು ನಿಂತ ದಿನಗಳು

ಸೀಗೆಪಾಳ್ಯದ ಹಾಲಿನ ಡೈರಿಯಲ್ಲಿ ಆ ಬೆಳಿಗ್ಗೆ ಮೂವತ್ತೆಂಟನೆಯವರ ಹಾಲು ಅಳೆಯುವ ಹೊತ್ತಿಗೆ ಕಂಪ್ಯೂಟರು ನಿಂತುಹೋಯಿತು. ಪರದೆಯ ಮೇಲೆ ಹನುಮಮ್ಮನ ಹೆಸರು ಬಂದಿತ್ತು, ಲೀಟರು ಬಂದಿತ್ತು, ಫ್ಯಾಟ್ ಬರಬೇಕಾದ ಜಾಗ ಮಾತ್ರ ಖಾಲಿ. ಮೌಸ್ ಎಳೆದರೆ ಬಾಣ ಅಲುಗಲಿಲ್ಲ. ಸಾಲಿನಲ್ಲಿ ಇನ್ನೂ ಇಪ್ಪತ್ತು ಮಂದಿ ಕ್ಯಾನು, ಚಂಬು ಹಿಡಿದು ನಿಂತಿದ್ದರು.

"ಏನಮ್ಮಿ ನೇತ್ರ, ನನ್ ಎಮ್ಮೆ ಹಾಲ್ ಕಂಡು ನಿನ್ ಮಿಷೀನ್‌ಗೆ ಉಸ್ರು ಕಟ್ಟೋಯ್ತಾ?" ಎಂದಳು ಹನುಮಮ್ಮ. ಸಾಲಿಗೆ ಸಾಲೇ ನಕ್ಕಿತು.

ನೇತ್ರಾವತಿಗೆ ನಗು ಬರಲಿಲ್ಲ. ಹಾಲಿನ ಗಾಡಿ ಹುಲಿಯೂರುದುರ್ಗದ ಕಡೆಯಿಂದ ಏಳೂವರೆಗೆ ಬಂದರೆ ನಿಲ್ಲುವುದು ಹತ್ತೇ ನಿಮಿಷ. ಉಳಿದವರ ಲೆಕ್ಕವನ್ನು ಕೈಯಲ್ಲೇ ಬರೆದು, ಗಾಡಿ ಕಳಿಸಿ, ತುಮಕೂರಿನ ಕಂಪ್ಯೂಟರ್ ಅಂಗಡಿಗೆ ಫೋನು ಮಾಡಿದಳು. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಕಂಪ್ಯೂಟರು ತೆವಳುತ್ತಿತ್ತು. ಹಾಗಾಗಿ ಎರಡು ದಿನದ ಹಿಂದೆ, ಅವಳು ರಜೆಯಲ್ಲಿದ್ದಾಗ, ಅಂಗಡಿಯಿಂದ ಯಾರೋ ಬಂದು ಹಳೆಯ ರ‍್ಯಾಮಿನ ಪಕ್ಕ ಇನ್ನೊಂದು ರ‍್ಯಾಮ್ ಕೂರಿಸಿ ಹೋಗಿದ್ದರು. ಅವತ್ತಿನಿಂದಲೇ ಈ ಗ್ರಹಚಾರ.

"ಮುಂಚೆ ನಿಧಾನಕ್ಕಾದ್ರೂ ನಡೀತಿತ್ತು. ನೀವು ಬಂದು ಪೂರ್ತಿ ನಿಲ್ಲಿಸ್ಬುಟ್ಟು ಹೋಗಿದೀರ," ಎಂದಳು.

ಆ ಕಡೆಯಿಂದ ಮೆಲ್ಲಗೆ ಉತ್ತರ ಬಂತು, "ಹನ್ನೊಂದಕ್ಕೆ ಅಲ್ಲಿರ್ತೀನಿ ಮೇಡಂ. ಬೈಯೋದು ಇನ್ನೂ ಉಳ್ದಿದ್ರೆ ಎದುರಿಗೇ ಬೈಯಿರಿ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಬೈಕು ಬಂದು ನಿಂತಿತು. ಹೆಲ್ಮೆಟ್ ತೆಗೆದವನು ಅವಳಿಗಿಂತ ಎರಡು ವರ್ಷ ದೊಡ್ಡವನಿರಬಹುದು. ಹುಬ್ಬಿನವರೆಗೂ ದಾರಿಯ ಧೂಳು. ಹೆಸರು ಗುರುಪ್ರಕಾಶ್, ಊರು ಗುಬ್ಬಿ, ಮರಳೂರಿನಲ್ಲಿ ಬಾಡಿಗೆ ರೂಮು. ಇಷ್ಟನ್ನೂ ಅವನು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿ ಮುಗಿಸಿದ. ಬೈಯಲೆಂದು ಸಿದ್ಧಳಾಗಿ ನಿಂತಿದ್ದ ನೇತ್ರಾವತಿ, ಬೈಯುವುದು ಬಿಟ್ಟು ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ಅವನು ಸಿಪಿಯು ಬಿಚ್ಚಿ, ಬೆರಳುದ್ದದ ಎರಡು ಹಸಿರು ರ‍್ಯಾಮ್ ಪಟ್ಟಿಗಳನ್ನು ಹೊರತೆಗೆದ. ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ಇದ್ದರೆ ಕೊಡಿ ಎಂದ. ಕೊಟ್ಟಳು. ಪಟ್ಟಿಯ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು, ಮಗುವಿನ ಬಾಯಿ ತೊಳೆಯುವವನ ಹಾಗೆ, ಒಂದೊಂದಾಗಿ ಉಜ್ಜಿದ. ಆಮೇಲೆ ಹಳೆಯದನ್ನು ಮಾತ್ರ ಹಾಕಿ ಮುಕ್ಕಾಲು ಗಂಟೆ ಓಡಿಸಿದ, ನಿಲ್ಲಲಿಲ್ಲ. ಹೊಸದನ್ನು ಮಾತ್ರ ಹಾಕಿ ಮುಕ್ಕಾಲು ಗಂಟೆ, ಅದೂ ನಿಲ್ಲಲಿಲ್ಲ. ಎರಡನ್ನೂ ಕೂಡಿಸಿದ. ಹತ್ತು ನಿಮಿಷಕ್ಕೆ ಬಾಣ ಮರಗಟ್ಟಿತು.

ಎರಡೂ ಒಳ್ಳೆಯವೇ, ಆದರೆ ಕಂಪನಿ ಬೇರೆ, ವೇಗ ಬೇರೆ, ಒಂದೇ ತರದ ಜೋಡಿ ಬೇಕು ಎಂದು ವಿವರಿಸಿ, "ನೋಡ್ದೆ ಹಾಕಿದ್ದು ನಾನೇ. ತಪ್ಪು ನಂದೇ ರೀ," ಎಂದ.

ಆರು ವರ್ಷದಿಂದ ಈ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುತ್ತಿದ್ದ ನೇತ್ರಾವತಿ, ಒಬ್ಬ ಗಂಡಸು ಹೀಗೆ ಸಲೀಸಾಗಿ ತಪ್ಪು ಒಪ್ಪಿಕೊಂಡದ್ದನ್ನು ಕೇಳಿರಲಿಲ್ಲ.

ಕಂಪ್ಯೂಟರು ಆರಿ ಹೊತ್ತಿಕೊಳ್ಳುವ ನಡುವೆ ಪರದೆ ಕಪ್ಪಾಗುತ್ತಿತ್ತು. ಆ ಕಪ್ಪು ಗಾಜಿನಲ್ಲಿ ಅವನ ಮುಖ ಕಾಣುತ್ತಿತ್ತು, ಅವನ ಹೆಗಲ ಹಿಂದೆ ಅವಳದು. ಒಮ್ಮೆ ಗಾಜಿನೊಳಗೇ ಕಣ್ಣಿಗೆ ಕಣ್ಣು ಸಿಕ್ಕಿತು. ಇಬ್ಬರೂ ತಿರುಗಲಿಲ್ಲ. ಪರದೆಗೆ ಬೆಳಕು ಬಂದು ಎರಡೂ ಮುಖಗಳು ಮಾಯವಾದವು.

ಮೂರನೆಯ ದಿನ ಜೋಡಿ ರ‍್ಯಾಮ್ ತಂದು ಹಾಕಿದ. ಎರಡು ಗಂಟೆ ಪರೀಕ್ಷೆ ಓಡಿತು. ಆ ಎರಡು ಗಂಟೆಯಲ್ಲಿ ಅವನು ಮೂರು ಲೋಟ ಮಜ್ಜಿಗೆ ಕುಡಿದ. ಕುಣಿಗಲ್ಲಿನಲ್ಲಿ ಸ್ವಂತ ಸರ್ವೀಸ್ ಅಂಗಡಿ ಇಡುವ ಆಸೆ ಹೇಳಿದ. ಅವಳು ಹಾಲಿಗೆ ನೀರು ಬೆರೆಸುವವರನ್ನು ಮುಖ ನೋಡಿಯೇ ಗುರುತಿಸುವುದನ್ನು ಕೇಳಿ ನಕ್ಕ. ಹೊರಡುವಾಗ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಾ, "ಇನ್ನು ಇದು ನಿಲ್ಲಲ್ಲ. ನಾನು ಬರೋ ಕೆಲ್ಸಾನೂ ಇಲ್ಲ," ಎಂದು ಅವಳ ಮುಖ ನೋಡಿದ.

ಆ ನೋಟ ಏನು ಕೇಳುತ್ತಿದೆ ಎಂದು ಅವಳಿಗೆ ತಿಳಿಯಿತು. ಆದರೆ ಬಾಯಿಂದ ಬಂದದ್ದು, "ಒಳ್ಳೇದಾಯ್ತು ಬುಡಿ," ಎಂಬ ಮಾತು.

ಹನ್ನೆರಡು ದಿನ ಕಂಪ್ಯೂಟರು ಹರಿಯುವ ನೀರಿನ ಹಾಗೆ ಓಡಿತು. ಹದಿಮೂರನೆಯ ದಿನ, ಗಾಡಿ ಹೋದ ಮೇಲೆ, ಖಾಲಿ ಡೈರಿಯಲ್ಲಿ ಒಬ್ಬಳೇ ಕೂತಿದ್ದವಳು ಅವನ ನಂಬರ್ ಒತ್ತಿದಳು. "ಮತ್ತೆ ನಿಂತೋಯ್ತು," ಎಂದಳು. ಫೋನು ಕೆಳಗಿಟ್ಟಳು. ಹಾಲು ಸುರಿಯುವವರಿಗೆ ಇದರಿಂದ ತೊಂದರೆಯಿಲ್ಲ, ಯಾರಿಗೂ ಏನೂ ನಷ್ಟವಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಡೈರಿಯ ಅಧ್ಯಕ್ಷ ಶಿವರಾಮಯ್ಯನವರದು ಒಂದು ನಿಯಮವಿತ್ತು: ಏನು ಕೆಟ್ಟರೂ ದಿನ, ಹೊತ್ತು ಹಾಕಿ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ನೇತ್ರಾವತಿ ಬರೆದಳು. 'ಒಂಬತ್ತು ನಲವತ್ತಕ್ಕೆ ಹ್ಯಾಂಗ್ ಆಯಿತು.'

ಗುರುಪ್ರಕಾಶ್ ಬಂದ. ಪುಸ್ತಕ ನೋಡಿದ. ಆ ಹೊತ್ತನ್ನು ದೇವರ ವಾಕ್ಯದಂತೆ ನಂಬಿ, ಒಂಬತ್ತು ನಲವತ್ತಕ್ಕೆ ಊರಲ್ಲಿ ಯಾರು ಪಂಪ್‌ಸೆಟ್ ಹಾಕುತ್ತಾರೆ, ಕರೆಂಟ್ ಏರಿಳಿಯುತ್ತದೆಯೇ ಎಂದೆಲ್ಲ ವಿಚಾರಿಸಿದ. ಪಟ್ಟಿಗಳ ಜಾಗ ಅದಲುಬದಲು ಮಾಡಿದ. ಮೂರು ಗಂಟೆ ಕೂತ. ಅವಳು ಎದುರಿಗೆ ಕೂತು ಹಾಲಿನ ಚೀಟಿಗಳನ್ನು ಜೋಡಿಸುವ ನೆಪದಲ್ಲಿ ಅವನ ಕೈಗಳನ್ನೇ ನೋಡಿದಳು. ಆ ಮೂರು ಗಂಟೆ ಅವಳ ಆಯಸ್ಸಿನಲ್ಲೇ ಒಳ್ಳೆಯದು.

ಎರಡು ತಿಂಗಳಲ್ಲಿ ಹೀಗೆ ಐದು ಸಲ ಕರೆದಳು. ಅವನು ಪವರ್ ಸಪ್ಲೈ ಬದಲಿಸಿದ, ವೈರುಗಳನ್ನು ಬದಲಿಸಿದ. ನಾಲ್ಕನೆಯ ಸಲ ಅಂಗಡಿಯ ಇನ್ನೊಂದು ಸಿಪಿಯು ಇಲ್ಲಿಟ್ಟು, ಡೈರಿಯದನ್ನು ಗೋಣಿಚೀಲದಲ್ಲಿ ಸುತ್ತಿ ತುಮಕೂರಿಗೆ ಒಯ್ದು, ಮೂರು ದಿನ ಓಡಿಸಿ ತಂದ. ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಬರುಬರುತ್ತಾ ಅವನ ತಮಾಷೆ ಕಮ್ಮಿಯಾಯಿತು. ನನ್ನ ಮುಂದೆ ಸಂಕೋಚ ಇರಬೇಕು ಎಂದುಕೊಂಡಳು ಅವಳು. ಅದೂ ಅವಳಿಗೆ ಚೆಂದವೇ ಕಂಡಿತು.

ಐದನೆಯ ಸಲ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಕಡೆ ತಿರುಗಿದ.

"ನಿಜ ಹೇಳಿ. ನನ್ ಕೆಲ್ಸದ ಮೇಲೆ ನಿಮಗೆ ನಂಬಿಕೆ ಇದ್ಯಾ?"

"ಇದೆ," ಎಂದಳು.

"ನಂಗಿಲ್ಲ," ಎಂದ ಅವನು.

ಆಗ ಹೇಳಬಹುದಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ, ಬೀದಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಹೇಳಿದರೆ ಅವನು ಎದ್ದು ಹೋಗುತ್ತಾನೆ, ಮತ್ತೆಂದೂ ಬರುವುದಿಲ್ಲ ಎಂದು ಹೆದರಿದಳು. "ಮಜ್ಜಿಗೆ ತರ್ಲಾ?" ಎಂದು ಕೇಳಿದಳು.

ಬೇಡ ಎಂದ. ಮೊದಲ ಸಲ ಬೇಡ ಎಂದ.

ಶಿವರಾಮಯ್ಯನವರಿಗೆ ಇದ್ಯಾವುದೂ ತಿಳಿಯದು. ಐದು ಕಂಪ್ಲೇಂಟಿನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಕೆಲಸ ಬಲ್ಲವರನ್ನು ಕಳಿಸಿ ಎಂದು ಅಂಗಡಿಗೆ ಅಂಚೆಯಲ್ಲಿ ಕಳಿಸಿದರು. ಮುಂದಿನ ವಾರ ನಡುವಯಸ್ಸಿನ ಇನ್ನೊಬ್ಬರು ಬಂದು ನೋಡಿ, ಸಿಸ್ಟಮ್ ಚೆನ್ನಾಗಿಯೇ ಇದೆ ಎಂದರು. ಆ ಹುಡುಗ ಎಲ್ಲಿ ಎಂದು ನೇತ್ರಾವತಿ ಕೇಳಿದ್ದಕ್ಕೆ, ಓನರು ಅವನನ್ನು ಸರ್ವೀಸಿನಿಂದ ತೆಗೆದು ಕೌಂಟರಿಗೆ ಹಾಕಿದ್ದಾರೆ, ಬಾಯಿ ಜೋರು ಕೈ ಕಮ್ಮಿ ಎಂದು ಎಲ್ಲರೂ ಆಡಿಕೊಳ್ಳುತ್ತಾರೆ ಎಂದರು. ಅವರಿಗೆಂದು ತಂದ ಮಜ್ಜಿಗೆಯ ಲೋಟವನ್ನು ಅವಳು ಕೊಡುವುದು ಮರೆತು ಮೇಜಿನ ಮೇಲಿಟ್ಟಳು.

ಆಮೇಲೆ ನಾಲ್ಕು ತಿಂಗಳು ಅವಳು ಬಾಯಿ ಬಿಡಲಿಲ್ಲ. ಮದುವೆಯಾಗದ ಹುಡುಗಿ ಸುಳ್ಳು ಹೇಳಿ ಗಂಡಸನ್ನು ಕರೆಸಿಕೊಳ್ಳುತ್ತಿದ್ದಳು ಎಂಬ ಮಾತು ಊರಲ್ಲಿ ಎದ್ದರೆ ಅಪ್ಪ ತಲೆ ಎತ್ತಿ ಓಡಾಡುವುದು ಹೇಗೆ? ಒಂದು ದಿನ ಗಟ್ಟಿ ಮನಸ್ಸು ಮಾಡಿ ಕುಣಿಗಲ್ ಬಸ್ ಸ್ಟ್ಯಾಂಡಿನವರೆಗೂ ಹೋದಳು. ತುಮಕೂರಿನ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರು ಎರಡು ಸಲ ಕೂಗಿದ. ಹತ್ತದೆ ವಾಪಸ್ಸು ಬಂದಳು.

ಬೆಳಿಗ್ಗೆ ಬೆಳಿಗ್ಗೆ ಹಾಲಿಗೆ ನೀರು ಹಾಕಿದವರ ಮುಖ ನೋಡುವುದು ಕಷ್ಟವಾಗತೊಡಗಿತು. ಅವರು ತಲೆ ತಗ್ಗಿಸುವ ಮೊದಲೇ ಅವಳ ತಲೆ ತಗ್ಗುತ್ತಿತ್ತು. ಕೊನೆಗೊಂದು ಸೋಮವಾರ ಶಿವರಾಮಯ್ಯನವರ ಮುಂದೆ ನಿಂತು, ಐದೂ ಸುಳ್ಳು ಎಂದಳು.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಯಾಕೆ ಎಂದರು. ಅವಳು ನೆಲ ನೋಡಿದಳು. ಮುದುಕರಿಗೆ ಅರ್ಥವಾಯಿತು.

"ನೀರು ಬೆರ್ಸೋರ್ನ ಹಿಡೀಲಿ ಅಂತ ನಿನ್ನ ಅಲ್ಲಿ ಕೂರ್ಸಿದ್ದು ಕಣಮ್ಮ," ಎಂದರಷ್ಟೆ. ನಿನ್ನ ಕೆಲಸ ಉಳಿಯುವ ಮಾತನ್ನು ಕಮಿಟಿಯ ಮುಂದಿಡುತ್ತೇನೆ, ಅಂಗಡಿಗೆ ನಿನ್ನ ಹೆಸರಲ್ಲೇ ಬರೆದುಕೊಡು ಎಂದು ಹಾಳೆ ಮುಂದಿಟ್ಟರು. ಅವಳು ಬರೆದು, ಸಹಿ ಹಾಕಿ, ಅದನ್ನು ತಾನೇ ಹಿಡಿದುಕೊಂಡು ತುಮಕೂರಿಗೆ ಹೋದಳು.

ಗುರುಪ್ರಕಾಶ್ ಕೌಂಟರಿನಲ್ಲಿ ಪ್ರಿಂಟರ್ ಇಂಕಿನ ಬಾಟಲಿ ಜೋಡಿಸುತ್ತಿದ್ದ. ಯಾರೋ ಒಬ್ಬರು ಸಿಪಿಯು ತಂದಿಟ್ಟು, ಬೆಳಿಗ್ಗೆಯಿಂದ ಆನ್ ಆಗುತ್ತಿಲ್ಲ, ಸ್ವಲ್ಪ ನೋಡಪ್ಪ ಎಂದರು. ಅವನು ಅದನ್ನು ಮುಟ್ಟಲೂ ಇಲ್ಲ. ನೋಡುವವರು ಮೂರು ಗಂಟೆಗೆ ಬರುತ್ತಾರೆ, ಇಟ್ಟು ಹೋಗಿ ಎಂದ. ಬಾಗಿಲಲ್ಲಿದ್ದ ನೇತ್ರಾವತಿಗೆ ಆ ಮಾತು ಕೇಳಿಸಿತು.

ಅವಳನ್ನು ಕಂಡು ಅವನು ಹೊರಗೆ ಬಂದ. ಪಕ್ಕದ ಮುಚ್ಚಿದ ಅಂಗಡಿಯ ಜಗಲಿಯ ಬಳಿ ನಿಂತರು.

"ಆ ಐದ್ ಸಲಾನೂ ಕಂಪ್ಯೂಟರ್ ನಿಂತಿರ್ಲಿಲ್ಲ. ನಾನೇ ಸುಳ್ಳು ಬರ್ದಿದ್ದು," ಎಂದು ಹಾಳೆ ಕೊಟ್ಟಳು.

ಅವನು ಓದಿದ. ಓದಿದ ಮೇಲೂ ರಿಪೇರಿಯವನ ಮನಸ್ಸು ಬಿಡಲಿಲ್ಲ. "ಮತ್ತೆ ಒಂಬತ್ತು ನಲವತ್ತಕ್ಕೆ?"

"ಒಂಬತ್ತು ನಲವತ್ತಕ್ಕೆ ನಾನು ನಿಮ್ ನಂಬರ್ ಒತ್ತಿದ್ದೆ. ಅಷ್ಟೇ ಆಗಿದ್ದು." ಅವನ ಕೈಯಲ್ಲಿದ್ದ ಹಾಳೆಯ ಕಡೆ ನೋಡುತ್ತಾ, "ನಿಮ್ಮನ್ನ ನೋಡ್ಬೇಕು ಅನ್ನಿಸ್ತಿತ್ತು," ಎಂದಳು.

ಅವನು ಕೋಪ ಮಾಡಿಕೊಂಡಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಸುಮ್ನೆ ಬನ್ನಿ ಅಂದಿದ್ರೆ ಬರ್ತಿರ್ಲಿಲ್ವಾ ನಾನು?"

ರಸ್ತೆಯ ಕಡೆ ನೋಡುತ್ತಾ ಅವನೇ ಹೇಳಿದ. ಜೋಡಿ ರ‍್ಯಾಮ್ ಹಾಕಿ ಹೋದ ವಾರವೇ ಗುಬ್ಬಿಗೆ ಹೋಗಿ ಅಮ್ಮನ ಹತ್ತಿರ ಅವಳ ವಿಷಯ ಆಡಿದ್ದನಂತೆ. ಒಳ್ಳೆಯ ದಿನ ನೋಡಿ ಸೀಗೆಪಾಳ್ಯಕ್ಕೆ ಹೋಗಿ ಕೇಳೋಣ ಎಂದಿದ್ದರಂತೆ ಅಮ್ಮ. ಅಷ್ಟರಲ್ಲಿ ಫೋನು ಬಂತು. ಮತ್ತೆ ಬಂತು.

"ಒಂದ್ ಮಿಷೀನ್ ಸರಿ ಮಾಡೋಕಾಗ್ದೋನು ಯಾವ ಮುಖ ಹೊತ್ಕೊಂಡು ನಿಮ್ಮನೇಗ್ ಬಂದು ಹೆಣ್ಣು ಕೇಳ್ಲಿ? ಸುಮ್ನಾಗ್ಬಿಟ್ಟೆ."

"ಈಗ?" ಆ ಮಾತು ಅವಳನ್ನು ಕೇಳದೆಯೇ ಹೊರಬಂದಿತ್ತು.

"ಹೋದ್ ತಿಂಗ್ಳು ಗುಬ್ಬೀಲಿ ಒಂದ್ ಹುಡ್ಗಿಗೆ ಹೂ ಮುಡಿಸಿ ನನ್ ಮದ್ವೆ ಗೊತ್ಮಾಡಿದ್ರು." ಅವನ ದನಿಯಲ್ಲಿ ಚುಚ್ಚು ಇರಲಿಲ್ಲ. "ಪಾಪ, ಆ ಹುಡ್ಗೀದೇನು ತಪ್ಪಿದೆ ಹೇಳಿ."

ಇಲ್ಲ ಎಂದು ತಲೆಯಾಡಿಸಿದಳು. ಹೋದ ತಿಂಗಳೇ ಅವಳು ಕುಣಿಗಲ್ಲಿನಿಂದ ವಾಪಸ್ಸು ಬಂದದ್ದು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿ ಅವನ ಮೇಲೆ ಇನ್ನೊಂದು ಭಾರ ಹೊರಿಸುವುದು ಬೇಡವೆನಿಸಿತು.

ಹುಷಾರಾಗಿ ಹೋಗಿ ಎಂದ ಅವನು. ಹೇಳಿ ಒಳಗೆ ಹೋದ.

ಅಂಗಡಿಯ ಗಾಜಿನಾಚೆ ಅವನು ಕಾಣುತ್ತಿದ್ದ. ಇಂಕಿನ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿದ. ಮೂರು ಗಂಟೆಗೆ ಬರುವವರಿಗೆಂದು ಇಟ್ಟಿದ್ದ ಸಿಪಿಯುವನ್ನು ತನ್ನ ಕಡೆಗೆ ಎಳೆದುಕೊಂಡ. ಮೊದಲ ಸ್ಕ್ರೂ ತೆಗೆಯಲು ಬಹಳ ಹೊತ್ತು ಹಿಡಿಯಿತು. ಎರಡನೆಯದು ಬೇಗ ಬಂತು. ಮೂರನೆಯದಕ್ಕೆ ಅವನು ಕಣ್ಣೂ ಹಾಯಿಸಲಿಲ್ಲ. ಕೈ ತಾನಾಗಿಯೇ ನಡೆಯಿತು.

ಅದು ಆನ್ ಆಗುವುದೋ ಇಲ್ಲವೋ ನೋಡಬೇಕೆಂದು ಅವಳ ಜೀವ ಎಳೆಯುತ್ತಿತ್ತು. ನಿಂತು ನೋಡುವ ಹಕ್ಕು ತನಗೆ ಉಳಿದಿಲ್ಲವೆಂದು ನೇತ್ರಾವತಿ ಸೆರಗು ಹೊದ್ದು, ಊರಿನ ಬಸ್ಸು ಸಿಗುವ ಕಡೆಗೆ ನಡೆದಳು.