ಮಲ್ಲಿಗೆಯ ಬದಲು ಬಂದ ಊದ್

"ಒಂದು ಪಾರ್ಸೆಲ್... ತಪ್ಪಿ ನಿಮ್ಮ ಮನೆಗೆ ಬಂದಿದೆಯಂತೆ."

ಎರಡು ವರ್ಷದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿದ ಸಿದ್ದೀಕ್ ಆಡಿದ ಮೊದಲ ಮಾತು ಅದು. ಹೇಗಿದ್ದೀ ಎಂದಲ್ಲ, ಕ್ಷಮಿಸು ಎಂದಲ್ಲ... ಪಾರ್ಸೆಲ್.

ಗೇಟಿನ ಹೊರಗೆ ಬೈಕಿನ ಸದ್ದು ನಿಂತಾಗಲೇ ನಜ್ಲಾಗೆ ಯಾರೆಂದು ಗೊತ್ತಾಗಿತ್ತು. ಹೊಲಿಯುತ್ತಿದ್ದ ಅಬಾಯ ನಿಲುವಂಗಿಯನ್ನು ಮೆಷಿನ್ನಿನ ಮೇಲೆಯೇ ಬಿಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ಕಪ್ಪು ಶಾಲು ಸರಿಮಾಡಿಕೊಂಡು, ಮತ್ತೆ ಅದನ್ನು ತೆಗೆದು, ಹಸಿರು ಶಾಲು ಹೊದ್ದು ಬಾಗಿಲಿಗೆ ಓಡಿದ್ದಳು. ನಿನ್ನೆಯಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

ಈಗ ಇತ್ತು.

"ಹೌದು, ಒಂದು ಬಂದಿದೆ," ಎಂದಳು. ಸ್ವರ ತನ್ನದಲ್ಲವೆನಿಸಿತು.

"ಅದು ನಂಗೆ ನಾಳೆಗೆ ಬೇಕಿತ್ತು."

"ನಾಳೆ ಎಂತ ಉಂಟು?"

ಸಿದ್ದೀಕ್ ಮೆಟ್ಟಿಲಿನ ಮೇಲಿನ ಮರಳನ್ನು ಚಪ್ಪಲಿಯ ತುದಿಯಿಂದ ಕೆದಕಿದ.

"ನಿಕಾಹ್," ಎಂದ. "ನನ್ನದು."

ನಜ್ಲಾ ಬಲಗೈಯನ್ನು ಮೆಲ್ಲನೆ ಬೆನ್ನ ಹಿಂದೆ ಮರೆಸಿದಳು. ಮರೆಸಿ ಏನು ಪ್ರಯೋಜನ? ಮಣಿಕಟ್ಟಿಗೆ ಹಚ್ಚಿದ ಊದ್ ಅತ್ತರಿನ ಘಮ ಆಗಲೇ ಗೇಟಿನವರೆಗೆ ಹೋಗಿ, ಅವನನ್ನು ಎದುರುಗೊಂಡು, ಒಳಗೆ ಕರೆತಂದಿತ್ತು. ಪಾರ್ಸೆಲ್ಲಿನ ಬಾಟ್ಲಿಯ ಸೀಲು ಒಡೆದಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಈ ಪಾರ್ಸೆಲ್ಲಿನ ಕಥೆಯನ್ನು ಹಂಪನಕಟ್ಟೆಯಿಂದಲೇ ಹೇಳಬೇಕು.

ಅಲ್ಲಿ ಅಹ್ಮದ್ ಬಾವ ಅವರದೊಂದು ಅತ್ತರಿನ ಅಂಗಡಿ. ಗಿರಾಕಿಗಳಿಗೆಲ್ಲ ಅವರು ಬಾವಾಕ. ಗಿರಾಕಿಯ ಮುಖವನ್ನಾದರೂ ಮರೆತಾರು, ಗಿರಾಕಿ ಕೊಳ್ಳುವ ಪರಿಮಳವನ್ನು ಮರೆಯುವವರಲ್ಲ. ಕಸ್ತೂರಿಯವರು ಬಂದರಿನಲ್ಲಿ, ಗುಲಾಬಿಯವರು ಕುದ್ರೋಳಿಯಲ್ಲಿ, ಹೀಗೆ ಇಡೀ ಮಂಗಳೂರು ಅವರ ಮೂಗಿನ ತುದಿಯಲ್ಲಿತ್ತು. ಹಳೆ ಗಿರಾಕಿಯ ಹತ್ತಿರ ವಿಳಾಸ ಕೇಳುವುದೆಂದರೆ ಅವರಿಗೆ ಮರ್ಯಾದೆಯ ಪ್ರಶ್ನೆ. ಫೋನು ಬಂದರೆ ಸಾಕು, ಯಾವ ಮನೆಗೆಂದು ಕೈಯೇ ಬರೆದುಬಿಡುತ್ತಿತ್ತು.

ಸಿದ್ದೀಕ್ ಎಂದರೆ ಆ ಕೈಗೆ ಗೊತ್ತಿದ್ದದ್ದು ಒಂದೇ ಮನೆ. ಉಳ್ಳಾಲದ ನಜ್ಲಾಳ ಮನೆ.

ಸಿದ್ದೀಕನದು ಕೂಳೂರು ಸೇತುವೆಯ ಹತ್ತಿರ ಪ್ಲೈವುಡ್ ಅಂಗಡಿ. ನಜ್ಲಾಳ ಮನೆಗೆ ಹೊಸ ಬಾಗಿಲು ಕೂರಿಸುವಾಗ ಹಲಗೆ ತಂದು ಇಳಿಸಿದವನು ಅವನು. ಹಲಗೆ ಇಳಿಸಿ ಹೋದವನು ಮನಸ್ಸನ್ನು ಇಲ್ಲೇ ಬಿಟ್ಟು ಹೋದ. ಆಮೇಲೆ ಪ್ರತಿ ಈದ್‌ಗೆ ಬಾವಾಕನ ಅಂಗಡಿಯಿಂದ ಬೆರಳಷ್ಟು ಉದ್ದದ ಒಂದು ಮಲ್ಲಿಗೆ ಅತ್ತರಿನ ಬಾಟ್ಲಿ ಬರುತ್ತಿತ್ತು. ಡಬ್ಬದ ಮೇಲೆ ಬಾವಾಕನ ಅಕ್ಷರದಲ್ಲಿ, ಕಳಿಸಿದವರು ಸಿದ್ದೀಕ್.

ತಾಯಿಯಿಲ್ಲದ, ತಂದೆ ಸೌದಿಯ ದಮ್ಮಾಮ್‌ನಲ್ಲಿದ್ದ ನಜ್ಲಾಗೆ ಆ ಬಾಟ್ಲಿಯೇ ಹಬ್ಬವಾಗಿತ್ತು.

ಆಮೇಲೆ ಆ ಭಾನುವಾರ ಬಂತು. ಸಿದ್ದೀಕನ ಮನೆಯವರು ಹೆಣ್ಣು ಕೇಳಲು ಬರುವುದೆಂದು ಮಾತಾಗಿತ್ತು. ಅಜ್ಜಿ ಹವ್ವಮ್ಮ ನಸುಕಿನಲ್ಲೇ ಎದ್ದು ಪತ್ತಿರ್ ರೊಟ್ಟಿ ಬೇಯಿಸಿದರು, ಕೋಳಿ ಸಾರು ಮಾಡಿದರು. ನಜ್ಲಾ ಹೊಸ ಬಟ್ಟೆ ಉಟ್ಟು ಒಳಕೋಣೆಯಲ್ಲಿ ಕುಳಿತಳು. ಮಧ್ಯಾಹ್ನ ಕಳೆಯಿತು. ಸಾರು ಆರಿ ಮೇಲೆ ಎಣ್ಣೆ ಕಟ್ಟಿತು. ಪಕ್ಕದ ಮನೆಯ ಹೆಂಗಸರು ಒಂದಲ್ಲ ಒಂದು ನೆಪದಿಂದ ಬಂದು ಇಣುಕಿ ಹೋದರು. ಯಾರೂ ಬರಲಿಲ್ಲ. ಅವನ ಫೋನೂ ಬರಲಿಲ್ಲ.

ಕತ್ತಲಾದ ಮೇಲೆ ನಜ್ಲಾ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಅತ್ತರನ್ನು ಮಾತ್ರ ಬಿಡಲಾಗಲಿಲ್ಲ. ಮುಂದಿನ ಈದ್‌ಗೆ ತಾನೇ ಫೋನ್ ಮಾಡಿದಳು, "ಬಾವಾಕ, ನನ್ನ ಮಲ್ಲಿಗೆ ಒಂದು." ಈ ವರ್ಷವೂ ಮಾಡಿದಳು. ಅವಳ ಗ್ರಹಚಾರಕ್ಕೆ ಅದೇ ದಿನ ಸಿದ್ದೀಕನೂ ಫೋನ್ ಮಾಡಿದ್ದ, "ಬಾವಾಕ, ಒಳ್ಳೆಯ ಊದ್ ಒಂದು ಕೂಳೂರಿಗೆ, ನನ್ನ ಮನೆಗೆ ಕಳಿಸಿ."

ಎರಡು ವರ್ಷ ಮಲಗಿದ್ದ ಅಭ್ಯಾಸ ಬಾವಾಕನ ಕೈಯಲ್ಲಿ ಎದ್ದು ಕುಳಿತಿತು. ಸಿದ್ದೀಕನ ಊದ್, ಎಂದಿನಂತೆ ಕಳಿಸಿದವರು ಸಿದ್ದೀಕ್ ಎಂದು ಬರೆಸಿಕೊಂಡು, ಉಳ್ಳಾಲಕ್ಕೆ ಹೋಯಿತು. ಮಿಕ್ಕ ಡಬ್ಬ ಕೂಳೂರಿಗೆ.

ನಿನ್ನೆ ಡಬ್ಬ ತೆರೆದಾಗ ನಜ್ಲಾ ಬೆರಗಾದಳು. ಮಖಮಲ್ ಹಾಸಿದ ಪೆಟ್ಟಿಗೆ, ಬಂಗಾರದ ಬಣ್ಣದ ಮುಚ್ಚಳದ ಬಾಟ್ಲಿ, ಒಳಗೆ ಜೇನಿನಂಥ ಅಗರು ಮರದ ಎಣ್ಣೆ. ಅವಳು ತರಿಸುವಂಥ ಮಲ್ಲಿಗೆಯ ಎಷ್ಟೋ ಬಾಟ್ಲಿ ಸೇರಿದರೂ ಇದರ ಬೆಲೆಗೆ ಸಾಲದು.

'ಬಾವಾಕನಿಗೆ ತಪ್ಪಿರಬೇಕು. ಫೋನ್ ಮಾಡಿ ಹೇಳಬೇಕು.'

ಫೋನು ಕೈಗೆತ್ತಿಕೊಂಡವಳೇ ಡಬ್ಬದ ಮೇಲಿನ ಹೆಸರು ನೋಡಿದಳು. ಕಳಿಸಿದವರು ಸಿದ್ದೀಕ್.

ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

'ಕೇಳಿದರೆ... ತಪ್ಪು ಎಂದುಬಿಟ್ಟರೆ?'

ಹಾಗೆಂದು ಅವಳು ಕೇಳಲೇ ಇಲ್ಲ. ಬುದ್ಧಿವಂತೆ ಹುಡುಗಿ, ಅಬಾಯಕ್ಕೆ ಹೊಲಿಯುವ ಮುತ್ತು ಅಂಗಡಿಯವರು ಒಂದು ಹೆಚ್ಚು ಕೊಟ್ಟರೂ ವಾಪಸ್ ಕೊಟ್ಟು ಬರುವವಳು. ಆದರೆ ಆಸೆ ಹುಟ್ಟಿದ ಮೇಲೆ ಬುದ್ಧಿಯ ಮಾತು ಯಾರು ಕೇಳುತ್ತಾರೆ? ಫೋನು ಮೇಜಿನ ಮೇಲೆ ಮೊಗಚಿ ಬಿತ್ತು.

ಹವ್ವಮ್ಮ ಪೆಟ್ಟಿಗೆ ನೋಡಿ ಮಂಚದ ಮೇಲೆ ಕುಸಿದು ಕುಳಿತರು.

"ಸಿದ್ದೀಕನಾ? ಮತ್ತೆ ಕಳಿಸಿದ್ನಾ?" ಎಂದು ಕಣ್ಣೊರೆಸಿಕೊಂಡರು. "ಮಗಳೇ, ನಾನೊಂದು ಹೇಳ್ತೇನೆ. ನೀನು ನನ್ನನ್ನು ಬೈಯಿ, ಆದ್ರೆ ಮಾತು ಬಿಡ್ಬೇಡ. ಆ ದಿನ ರಾತ್ರಿ ಅವನು ನನ್ನ ಫೋನಿಗೆ ಮಾಡಿದ್ದ. ಬೆಳಿಗ್ಗೆ ಅವನ ಅಪ್ಪ ಬಿದ್ದು ಆಸ್ಪತ್ರೆಗೆ ಹಾಕಿದ್ರಂತೆ, ಗಡಿಬಿಡಿಯಲ್ಲಿ ಎಲ್ಲರ ಫೋನೂ ಮನೆಯಲ್ಲೇ ಉಳಿದಿತ್ತಂತೆ. ನಂಗೆ ಸಿಟ್ಟು ನೆತ್ತಿಗೇರಿತ್ತು. ನೀನು ಅಳುದು ನೋಡ್ಲಿಕ್ಕೆ ಆಗ್ತಾ ಇರ್ಲಿಲ್ಲ. ಇನ್ನು ಈ ಮನೆ ಕಡೆ ಬರ್ಬೇಡ, ನಮ್ಮ ಹುಡುಗಿಗೂ ಬೇಡ ಅಂತ ಹೇಳಿಬಿಟ್ಟೆ."

ನಜ್ಲಾ ಅಜ್ಜಿಯ ಪಕ್ಕದಲ್ಲಿ ಕುಳಿತುಬಿಟ್ಟಳು.

"ಅಲ್ಲಾಹು ದೊಡ್ಡವನು. ನೋಡು, ಹುಡುಗ ಮರೀಲಿಲ್ಲ," ಎಂದು ಹವ್ವಮ್ಮ ಆತುರಾತುರವಾಗಿ ಸೀಲು ಒಡೆದರು. ಮನೆಗೆ ಶುಭ ಬಂದಾಗ ಮಾಡುವಂತೆ ಗಾಜಿನ ಕಡ್ಡಿ ಅದ್ದಿ, ದೇವರ ಹೆಸರೆತ್ತಿ ಬಿಸ್ಮಿ ಹೇಳಿ, ಮೊಮ್ಮಗಳ ಮಣಿಕಟ್ಟಿಗೆ ಹಚ್ಚಿದರು. ತಡೆಯಬಹುದಿತ್ತು. ನಜ್ಲಾ ತಡೆಯಲಿಲ್ಲ. ಕೈಯನ್ನು ತಾನೇ ಮುಂದೆ ಚಾಚಿದ್ದಳು.

ಆ ಕೈಯೇ ಈಗ ಬೆನ್ನ ಹಿಂದೆ ಅಡಗಿತ್ತು.

"ಕುಳಿತುಕೊಳ್ಳಿ. ತರ್ತೇನೆ," ಎಂದು ನಜ್ಲಾ ಒಳಗೆ ಹೋದಳು.

ಸಿದ್ದೀಕ್ ಸಿಟೌಟಿನ ಕುರ್ಚಿಯ ಅಂಚಿನಲ್ಲಿ ಕುಳಿತ. ಬಾಗಿಲು ತೆರೆದೇ ಇತ್ತು. ಒಳಗೆ ಹವ್ವಮ್ಮ ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದರು. ಎಲ್ಲ ಕೇಳಿಸಿತ್ತು ಅವರಿಗೆ.

ನಜ್ಲಾ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟಳು. ಒಡೆದ ಸೀಲನ್ನು ಕಾಣದಂತೆ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

"ಒಡೆದಾಗಿದೆ. ನಂಗೆ ಗೊತ್ತಿರ್ಲಿಲ್ಲ... ನಿಮ್ಮ ಹೆಸರು ನೋಡಿ, ನಂಗೇ ಕಳಿಸಿದ್ದು ಅಂತ..."

ಮಾತು ಅಲ್ಲಿಗೇ ಕಡಿಯಿತು. ಸಿದ್ದೀಕ್ ತಲೆಯೆತ್ತಿ ನೋಡಿದ. ಹಸಿರು ಶಾಲು, ಕಾಡಿಗೆ ಹಚ್ಚಿದ ಕಣ್ಣು, ಮಣಿಕಟ್ಟಿನ ಮೇಲೆ ಒಣಗಿದ ಎಣ್ಣೆಯ ಕಲೆ. ಈ ಹುಡುಗಿ ನಿನ್ನೆಯಿಂದ ತನ್ನ ದಾರಿ ಕಾಯುತ್ತಿದ್ದಳು ಎಂದು ಅವನಿಗೆ ಅರ್ಥವಾಯಿತು.

"ನೀವೇ ಅಲ್ವಾ ಬೇಡ ಅಂದದ್ದು?" ಎಂದು ಕೇಳಿದ. ಮೊದಲೆಲ್ಲ ಅವಳೊಂದಿಗೆ ಬಹುವಚನದಲ್ಲಿ ಮಾತಾಡಿದವನಲ್ಲ.

"ಬೇಡ ಅಂದದ್ದು ಅಜ್ಜಿ. ನೀವು ಫೋನ್ ಮಾಡಿದ್ದೇ ನಂಗೆ ಗೊತ್ತಾದದ್ದು ನಿನ್ನೆ."

"ನಿನ್ನೆಯಾ?"

"ನಿನ್ನೆ."

ಸಿದ್ದೀಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಅಪ್ಪ ಐಸಿಯುನಲ್ಲಿದ್ರು, ನಜ್ಲಾ. ಹೊರಗೆ ಬಂದು ನಿಂಗೆ ಮಾಡಿದೆ, ಹತ್ತಲೇ ಇಲ್ಲ. ಅಜ್ಜಿಗೆ ಮಾಡಿದೆ. ಅವರು ಹಾಗೆ ಹೇಳಿದ ಮೇಲೆ... ನಿಂಗೂ ಬೇಡ ಅಂತ ನಂಬಿದೆ."

"ಮನೆಗೆ ಬಂದು ನನ್ನ ಹತ್ರ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳ್ಬೇಕಿತ್ತು. ಹೆದರಿದೆ."

ಒಳಗಿನಿಂದ ಹವ್ವಮ್ಮ ಬಿಕ್ಕುವ ಸದ್ದು ಕೇಳಿಸಿತು. ಇಬ್ಬರೂ ಆ ಕಡೆ ನೋಡಲಿಲ್ಲ.

ನಜ್ಲಾ ಫೋನೆತ್ತಿ ಬಾವಾಕನಿಗೆ ಕರೆ ಮಾಡಿ ಸ್ಪೀಕರ್ ಹಾಕಿದಳು. ನಿನ್ನೆಯೇ ಮಾಡಬೇಕಿದ್ದ ಕರೆ ಅದು.

"ಬಾವಾಕ, ನಿಮ್ಮ ಊದ್ ನಂಗೆ ಬಂದಿತ್ತು. ತಪ್ಪಿ ಬಂದದ್ದು ಇರ್ಬಹುದು ಅಂತ ಗೊತ್ತಿದ್ದೂ ನಾನು ಕೇಳ್ಲಿಲ್ಲ. ಸೀಲು ಒಡೆದಾಗಿದೆ. ಎಂತ ಮಾಡ್ಬೇಕು ಹೇಳಿ."

"ಅಯ್ಯೋ, ನೀನ್ಯಾಕೆ ತಲೆ ಬಿಸಿ ಮಾಡ್ತೀ ಮಾರಾಯ್ತಿ. ತಪ್ಪು ನಂದು," ಎಂದರು ಬಾವಾಕ. "ಸಿದ್ದೀಕ್ ಅಂದ ಕೂಡ್ಲೆ ಕೈ ನಿಮ್ಮ ಮನೆ ಹೆಸ್ರು ಬರೀತು, ನಾನೆಂತ ಮಾಡ್ಲಿ? ನಾನೇ ಕಳಿಸಿದ್ದಕ್ಕೆ ನೀನು ಏನೂ ಕೊಡ್ಲಿಕ್ಕಿಲ್ಲ. ಒಡೆದದ್ದು ನೀನೇ ಇಟ್ಟುಕೋ. ಅವನಿಗೆ ಬೇರೆ ತೆಗೆದಿಡ್ತೇನೆ, ದಾರಿಯಲ್ಲಿ ತೆಕ್ಕೊಂಡು ಹೋಗ್ಲಿ." ಮೆತ್ತಗೆ ಸೇರಿಸಿದರು, "ನಿಮ್ಮಿಬ್ಬರದ್ದು ಒಂದೇ ಮನೆ ಅಂತ ಇತ್ತು ಮಗಾ, ನನ್ನ ತಲೆಯಲ್ಲಿ."

ಫೋನು ಇಟ್ಟ ಮೇಲೆ ದರ್ಗಾದ ಕಡೆಯಿಂದ ಸಂಜೆಯ ಅಸರ್ ನಮಾಜಿನ ಬಾಂಗು ಕೇಳಿಸಿ ನಿಂತಿತು.

ಸಿದ್ದೀಕ್ ಜೇಬಿನಿಂದ ಒಂದು ಸಣ್ಣ ಬಾಟ್ಲಿ ತೆಗೆದು ಊದ್ ಪಕ್ಕದಲ್ಲಿಟ್ಟ. ಮಲ್ಲಿಗೆ.

"ಇದು ನನ್ನ ಮನೆಗೆ ಬಂತು. ಬಾವಾಕನಿಗೆ ಫೋನ್ ಮಾಡಿದೆ, ಇದು ಯಾರದ್ದು ಅಂತ. ಉಳ್ಳಾಲದ ಹುಡುಗಿಯದ್ದು, ನೀನು ಕಳಿಸುದು ಬಿಟ್ಟ ಮೇಲೆ ಅವಳೇ ತರಿಸ್ತಾಳೆ ಅಂದ್ರು." ಬಾಟ್ಲಿಯನ್ನು ಅವಳ ಕಡೆ ಸರಿಸಿದ. "ಪಾರ್ಸೆಲ್ ಬದಲಿಸ್ಲಿಕ್ಕೆ ಯಾರನ್ನಾದ್ರೂ ಕಳಿಸ್ಬಹುದಿತ್ತು. ನಾನೇ ಬಂದೆ. ಯಾಕೆ ಬಂದೆ ಅಂತ ದಾರಿ ಇಡೀ ನನ್ನನ್ನೇ ಕೇಳಿಕೊಂಡು ಬಂದೆ."

ನಜ್ಲಾ ಮಲ್ಲಿಗೆಯ ಬಾಟ್ಲಿ ಕೈಗೆತ್ತಿಕೊಂಡಳು. ಅದರ ಸೀಲೂ ಒಡೆದಿತ್ತು.

ಅವಳು ಅವನನ್ನು ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ನಿಂದು ಅಂತ ಗೊತ್ತಾದ ಮೇಲೆ ಒಡೆದೆ," ಎಂದ. "ತಡೀಲಿಕ್ಕೆ ಆಗ್ಲಿಲ್ಲ."

ಅಲ್ಲಿಯವರೆಗೆ ಹಿಡಿದಿಟ್ಟಿದ್ದ ಅಳು ನಜ್ಲಾಳ ಕೈಮೀರಿತು. ಶಾಲಿನ ತುದಿಯನ್ನು ಬಾಯಿಗೊತ್ತಿಕೊಂಡು ಕಂಬಕ್ಕೆ ಒರಗಿದಳು.

"ನಂಗೆ ನೀನು ಬೇಕು, ನಜ್ಲಾ. ಆಗಲೂ ಬೇಕಿತ್ತು, ಈಗಲೂ ಬೇಕು. ನೀನೊಂದು ಮಾತು ಹೇಳು. ಈಗಲೇ ಹೋಗಿ ಅವರ ಮನೆಯಲ್ಲಿ ಹೇಳ್ತೇನೆ, ಈ ನಿಕಾಹ್ ಬೇಡ ಅಂತ. ಜನ ಎಂತ ಬೇಕಾದ್ರೂ ಹೇಳ್ಲಿ."

ಎರಡು ವರ್ಷ ಯಾವ ಮಾತಿಗಾಗಿ ಅವಳು ಜೀವ ಹಿಡಿದುಕೊಂಡಿದ್ದಳೋ ಅದೇ ಮಾತು ಕಣ್ಣೆದುರು ನಿಂತು ಕೈ ಚಾಚಿತ್ತು. ಹ್ಞೂಂ ಎಂದರೆ ಸಾಕು. ಅಷ್ಟೇ ಸಾಕು.

"ಅವಳ ಹೆಸ್ರೆಂತ?" ಎಂದು ಕೇಳಿದಳು ನಜ್ಲಾ.

"ಹನಾನ್."

"ಈಗ ಎಂತ ಮಾಡ್ತಾ ಇರ್ಬಹುದು ಹನಾನ್?"

ಸಿದ್ದೀಕ್ ತಲೆ ತಗ್ಗಿಸಿದ. "ಮದರಂಗಿ... ಇವತ್ತು ಅವಳಿಗೆ ಮದರಂಗಿ."

ನಜ್ಲಾಳ ಕಣ್ಣೆದುರು ಕಾಣದ ಊರಿನ, ಕಾಣದ ಹುಡುಗಿಯ ಎರಡು ಕೈಗಳು ಬಂದವು. ಹಸಿ ಮದರಂಗಿ ಅಳಿಸೀತೆಂದು ಯಾರೋ ತುತ್ತು ಮಾಡಿ ತಿನ್ನಿಸುತ್ತಿರಬಹುದು. ತಾನು ಹ್ಞೂಂ ಎಂದರೆ ನಾಳೆ ಅವಳೂ ಹೊಸ ಬಟ್ಟೆ ಉಟ್ಟು ಒಳಕೋಣೆಯಲ್ಲಿ ಕೂರುತ್ತಾಳೆ. ಸಾರು ಆರುತ್ತದೆ. ಪಕ್ಕದ ಮನೆಯವರು ನೆಪ ಮಾಡಿಕೊಂಡು ಬಂದು ಇಣುಕುತ್ತಾರೆ. ನಾಳೆಯೂ ಭಾನುವಾರವೇ.

'ಬೇರೆ ಏನು ಬೇಕಾದರೂ ಕೊಡು ಯಾ ಅಲ್ಲಾಹ್... ಅಂಥ ಭಾನುವಾರವನ್ನು ಇನ್ನೊಬ್ಬಳಿಗೆ ನನ್ನ ಕೈಯಿಂದ ಕೊಡಿಸಬೇಡ.'

ಅವಳು ಕಣ್ಣೊರೆಸಿಕೊಂಡು ಊದ್ ಬಾಟ್ಲಿಯ ಮುಚ್ಚಳ ಬಿಗಿ ಮಾಡಿದಳು. ಪೆಟ್ಟಿಗೆಯಲ್ಲಿಟ್ಟು ಅವನ ಕಡೆ ಸರಿಸಿದಳು.

"ತೆಕ್ಕೊಂಡು ಹೋಗಿ. ಬಾವಾಕನಿಗೆ ಕೊಡಿ."

"ಇಟ್ಟುಕೋ ಅಂದ್ರಲ್ಲ ಅವರು."

"ಅವರು ಅಂದ್ರು. ಒಂದು ದಿನ ಇಟ್ಟುಕೊಂಡೆ. ಅದು ನನ್ನ ಮನೆಗೆ ಬಂದದ್ದಲ್ಲ ಸಿದ್ದೀಕ್."

ಅವಳು ಹೇಳುತ್ತಿರುವುದು ಬಾಟ್ಲಿಯ ಬಗ್ಗೆ ಮಾತ್ರವಲ್ಲ ಎಂದು ಅವನಿಗೆ ತಿಳಿಯಿತು. ತಿಳಿದೂ ಕೊನೆಯ ಸಲ ಕೇಳಿದ, "ನಿಂಗೆ ನಾನು ಬೇಡವಾ?"

"ಬೇಕು," ಎಂದಳು ನಜ್ಲಾ. ತಡವರಿಸಲಿಲ್ಲ, ಮುಚ್ಚಿಡಲಿಲ್ಲ. "ತುಂಬಾ ಬೇಕು. ಅದಕ್ಕೇ ಹೇಳುದು, ಬೇಗ ಹೋಗಿ. ಇನ್ನು ಸ್ವಲ್ಪ ಹೊತ್ತು ನೀವು ಇಲ್ಲಿ ಕುಳಿತ್ರೆ ನಂಗೆ ಹೋಗಿ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ಸಿದ್ದೀಕ್ ಎದ್ದ. ಪೆಟ್ಟಿಗೆ ಎತ್ತಿಕೊಂಡ. ಬಾಗಿಲ ಹತ್ತಿರ ನಿಂತು, "ಅಜ್ಜಿ, ಬರ್ತೇನೆ. ನಂಗೆ ನಿಮ್ಮ ಮೇಲೆ ಬೇಜಾರಿಲ್ಲ," ಎಂದ. ಹವ್ವಮ್ಮ ತಿರುಗಲಿಲ್ಲ. ಮುದುಕಿಯ ಬೆನ್ನು ಮಾತ್ರ ಅಲುಗುತ್ತಿತ್ತು.

ಗೇಟಿನವರೆಗೆ ನಜ್ಲಾ ಜೊತೆಗೆ ನಡೆದಳು. ಕಡಲ ಕಡೆಯ ಗಾಳಿಗೆ ಮೀನಿನ ವಾಸನೆ ಇತ್ತು. ಅದರ ನಡುವೆಯೂ ಊದ್ ತನ್ನ ಪಾಡಿಗೆ ತಾನು ಇತ್ತು.

"ಕೈ ತೊಳೆದ್ರೆ ಹೋಗ್ತದಾ ಅದು?" ಎಂದು ಸಿದ್ದೀಕ್ ಅವಳ ಮಣಿಕಟ್ಟು ನೋಡುತ್ತಾ ಕೇಳಿದ.

"ಬೆಳಿಗ್ಗೆ ನಮಾಜಿಗೆ ವುಝೂ ಮಾಡುವಾಗ ತೊಳೆದಿದ್ದೇನೆ. ಹೋಗ್ಲಿಲ್ಲ. ಇರ್ಲಿ, ಅದರ ಪಾಡಿಗೆ ಹೋಗ್ತದೆ."

ಅವನು ಬೈಕು ಹತ್ತಿ ಕೀಲಿ ತಿರುಗಿಸದೆ ಕುಳಿತ.

"ನಾಳೆ ಹೊತ್ತಿಗೆ ಸರಿಯಾಗಿ ಹೋಗಿ," ಎಂದಳು ನಜ್ಲಾ. "ಅವಳನ್ನು ಕಾಯಿಸ್ಬೇಡಿ."

"ನಿನ್ನನ್ನು ಕಾಯಿಸಿದೆ ಅಲ್ವಾ, ನಜ್ಲಾ..."

ನಜ್ಲಾ ಗೇಟಿನ ಕಂಬಿಯ ಮೇಲೆ ಕೈಯಿಟ್ಟು, ಎರಡು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ನಕ್ಕಳು. ಕಣ್ಣು ತುಂಬಿಯೇ ಇತ್ತು.

"ಕಾದೆ," ಎಂದಳು. "ನೀವು ಬಂದ್ರಿ ಅಲ್ವಾ... ಸಾಕು."