ತಿರುಗುಮುರುಗಾದ ಅಚ್ಚು

"ಇದನ್ನ ಅಳಸಾಕಂತನ ಬರಿಯೋದ್ರಿ, ಅಕ್ಕಾರ. ಅಚ್ಚು ಹಾಕಬ್ಯಾಡ್ರಿ," ಎಂದಳು ಯಂಕವ್ವ.

"ಅಳಿಸಿಬಿಟ್ರೆ ಎಕ್ಸಿಬಿಷನ್‌ನಲ್ಲಿ ಏನಿಡಲಿ? ನಿಮ್ಮ ಪಾದಾನಾ?" ಹರ್ಷಾ ನಕ್ಕಳು.

ಕಣ್ಣನ್ನು ಮೋಸಗೊಳಿಸುವ ರೇಖಾಚಿತ್ರಗಳನ್ನು ಅಚ್ಚು ಹಾಕುವುದು ಅವಳ ಕೆಲಸ. ಗಂಡ ಅಭಿಲಾಷನೊಂದಿಗೆ ಮೈಸೂರಿನಿಂದ ದೂರದ ಕೊಂಢವಾ ಬಡಾವಣೆಗೆ ಹೊಸದಾಗಿ ಬಂದಿದ್ದಳು. ಎದುರು ಕಟ್ಟುತ್ತಿದ್ದ ಕಟ್ಟಡದ ಕೂಲಿಯವರ ಶೆಡ್ಡಿನಲ್ಲಿ ಯಂಕವ್ವನ ಸೊಸೆ ರೇಣು, ಮಾಟ ತಗುಲಿ, ಮಾತು ಬಿಟ್ಟು ಕೂತಿದ್ದಳು. ಅವಳ ಮುಂದೆ ಯಂಕವ್ವ ಇದ್ದಿಲು, ಸುಣ್ಣದಲ್ಲಿ ಚೌಕದೊಳಗೆ ಚೌಕ ಬರೆದಿದ್ದಳು. ಪ್ರತಿಯೊಂದೂ ತುಸು ಬಲಕ್ಕೆ ತಿರುಚಿಕೊಂಡು, ಸಪಾಟು ನೆಲ ಬಾವಿಯಂತೆ ಕುಸಿದು ಕಾಣುತ್ತಿತ್ತು. ಮಾಟ ಅದರೊಳಗೆ ಇಳಿಯುತ್ತದೆ, ಮಾಟ ತಗುಲಿದವರ ಕೈ ಅಲ್ಲಾಡಿದೊಡನೆ ಕಾಲಿನಿಂದ ಒರೆಸಬೇಕು, ತಡವಾದರೆ ಬಾವಿ ಮನುಷ್ಯರನ್ನೂ ಎಳೆದುಕೊಳ್ಳುತ್ತದೆ ಎಂದು ಯಂಕವ್ವ ವಿವರಿಸಿದ್ದಳು. ರೇಣು ಬೆರಳಾಡಿಸಿದಳು. ಯಂಕವ್ವ ಒರೆಸಿದಳು. ಅಷ್ಟರಲ್ಲಿ ಹರ್ಷಾ ಫೋಟೊ ತೆಗೆದಾಗಿತ್ತು.

ಲಿನೋಲಿಯಂ ಎಂಬ ಮೆತ್ತನೆಯ ಹಾಳೆಯಲ್ಲಿ ಕೊರೆದು, ಇಂಕು ಹಚ್ಚಿ ಒತ್ತಿದ್ದು ಕಾಗದದ ಮೇಲೆ ಎಡಬಲ ಅದಲುಬದಲಾಗಿ ಮೂಡುತ್ತದೆ. ಅಕ್ಷರಗಳಿದ್ದರೆ ಹರ್ಷಾ ಉಲ್ಟಾ ಕೊರೆಯುತ್ತಿದ್ದಳು. ಬರೀ ಚೌಕಗಳಿಗೆ ಆ ಕಷ್ಟ ಯಾಕೆಂದು ಫೋಟೊದಲ್ಲಿದ್ದಂತೆಯೇ ಕೊರೆದಳು.

ಮೊದಲ ಅಚ್ಚನ್ನು ಅಭಿಲಾಷ ಗೋಡೆಗೆ ಅಂಟಿಸಿದ. ಚೌಕಗಳು ಎಡಕ್ಕೆ ತಿರುಗಿದ್ದವು. ಬಾವಿ ಇರಲಿಲ್ಲ. ನಡುವಿನಿಂದ ಏನೋ ಉಬ್ಬಿ ಹೊರಗೆ ಬರುತ್ತಿತ್ತು.

"ತಲೆ ಸುತ್ತುತ್ತೆ ಕಣೇ."

ಇನ್ನೂ ಸ್ವಲ್ಪ ನೋಡು, ಎಷ್ಟು ಉಬ್ಬುತ್ತದೆ ಹೇಳು ಎಂದಳು. ಅವನು ನೋಡಿದ. ಇಂಕಿನ ಎಣ್ಣೆ ವಾಸನೆಯೊಳಗೆ ಸುಟ್ಟ ಕೂದಲಿನ ವಾಸನೆ ಸೇರಿತು. ಹೊರಗೆ ನಡು ಮಧ್ಯಾಹ್ನದ ಬಿಸಿಲಿದ್ದರೂ ಕೋಣೆಯ ಮೂಲೆಗಳು ಕಪ್ಪಾದವು. ಕಾಗದದ ಹಿಂದೆ ಉಗುರು ಕೆರೆಯುವ ಸದ್ದು. ಅಭಿಲಾಷ ಗೋಡೆಯ ಬುಡದಲ್ಲಿ ಕುಸಿದು ಕೂತ. ಮಾತಿಲ್ಲ. ಕಣ್ಣು ತೆರೆದೇ ಇತ್ತು. ರೆಪ್ಪೆ ಬಡಿಯಲಿಲ್ಲ.

ಹರ್ಷಾ ಅಚ್ಚನ್ನು ಹರಿದು ಚೂರು ಮಾಡಿದಳು. ಕೆರೆತ ನಿಲ್ಲಲಿಲ್ಲ. ಓಡಿಹೋಗಿ ಯಂಕವ್ವನನ್ನು ಕರೆತಂದಳು. ಯಂಕವ್ವ ಒಳಗೆ ಬರದೆ, ಬಾಗಿಲಾಚೆ ಬೆನ್ನು ತಿರುಗಿಸಿ ನಿಂತಳು. ಒಮ್ಮೆ ಇಳಿಸಿದ ಮಾಟವನ್ನು ಇಳಿಸಿದವರೇ ಮತ್ತೆ ನೋಡಬಾರದಂತೆ.

"ಅಚ್ಚಿನಾಗಿಂದ ಬಂದದ್ದು ಅಚ್ಚಿನಾಗ ಇಳೀಬೇಕ್ರಿ. ಸೀದಾ ಅಚ್ಚು ಹಾಕಿ ಅವರ ಮುಂದ ಹಾಸ್ರಿ. ಕೈ ಅಲ್ಲಾಡಿದ ಕೂಡ್ಲೆ ಒರಸ್ರಿ."

ಮತ್ತೆ ಕೊರೆಯಲು ಸಮಯವಿರಲಿಲ್ಲ. ಹರ್ಷಾ ಹೊಸ ಅಚ್ಚು ತೆಗೆದು, ಹಸಿ ಇಂಕಿನ ಮೇಲೆ ಇನ್ನೊಂದು ಹಾಳೆ ಒತ್ತಿದಳು. ಹಾಗೆ ಮಾಡಿದರೆ ಎಡಬಲ ಮತ್ತೆ ಸರಿಯಾಗುತ್ತದೆ. ಹಾಳೆ ಎತ್ತಿದಳು. ಬಾವಿ ತೆರೆದಿತ್ತು. ಅವನ ಮುಂದೆ ಹಾಸಿದಳು. ವಾಸನೆ ಇಳಿಯಿತು. ಕೆರೆತ ನಿಂತಿತು. ಅಭಿಲಾಷನ ಬೆರಳು ಅಲ್ಲಾಡಿತು. ಹರ್ಷಾ ಕಾಲೆತ್ತಿದಳು.

ಕಪ್ಪಿನ ಅಂಚು ಎಲ್ಲಿಯೂ ಕದಡಿರಲಿಲ್ಲ. ಅವಳ ಯಾವ ಚಿತ್ರಕ್ಕೂ ಇಷ್ಟು ಆಳ ಬಂದಿರಲಿಲ್ಲ. ಕಾಲು ಗಾಳಿಯಲ್ಲೇ ನಿಂತಿತು. ಒಮ್ಮೆ ಕಣ್ತುಂಬ ನೋಡುವಷ್ಟು ಹೊತ್ತು.

ಬೆರಳು ನಿಂತಿತು.

ಒರೆಸಿದಳು. ಹಾಳೆ ಹರಿಯುವವರೆಗೆ ಒರೆಸಿದಳು. ಅಂಗಾಲು ಕಪ್ಪಾಯಿತು. ಅವನು ಉಸಿರಾಡಲಿಲ್ಲ.

ಡಾಕ್ಟರು ಹೃದಯಾಘಾತ ಎಂದರು. ಯಂಕವ್ವ ಲೋಟದಲ್ಲಿ ನೀರು ತಂದು ಹರ್ಷಾಳ ಪಕ್ಕದಲ್ಲಿ ಕೂತಳು.

"ನಾ ಹೇಳಿದಂಗ, ಕೂಡ್ಲೆ ಒರಸಿದ್ರೇನ್ರಿ?"

"ಕೂಡಲೇ ಒರೆಸಿದೆ."

ಯಂಕವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು. "ಹಂಗಾದ್ರ ನಾನ ಏನೋ ತಪ್ಪ ಹೇಳೀನ್ರಿ, ಅಕ್ಕಾರ. ನನ್ನಿಂದನ ಹ್ವಾದ್ರು ಅವರು."

ಹರ್ಷಾ ಅಲ್ಲ ಎನ್ನಲಿಲ್ಲ.