ಹದಿನೇಳನೆಯ ಹಾಳೆ

ಊಟ ಮುಗಿಸಿ ಬಂದು ಮೇಜಿನ ಡ್ರಾಯರ್ ಎಳೆದ ಶಾಲೆಯ ಆಪ್ತಸಮಾಲೋಚಕಿ ಹಾಳೆಗಳನ್ನು ಎರಡೆರಡು ಸಲ ಎಣಿಸಿದಳು. ಒಂಬತ್ತನೇ ತರಗತಿಯ ಮಕ್ಕಳು ಬೆಳಿಗ್ಗೆ ತುಂಬಿಕೊಟ್ಟ ನಲವತ್ತು ಪ್ರಶ್ನಾವಳಿಗಳಲ್ಲಿ ಒಂದು ಇರಲಿಲ್ಲ. ಹದಿನೇಳನೆಯದು.

ಬೇಡವೆಂದರೂ ಒಂದೇ ಯೋಚನೆ ಕಾಡುತ್ತದೆಯೆ? ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುತ್ತೀಯಾ? — ಇಂಥ ಪ್ರಶ್ನೆಗಳಿಗೆ ಮಕ್ಕಳು ತಾವೇ ಗುರುತು ಹಾಕಿದ ಹಾಳೆಗಳು. ತಾನಲ್ಲದೆ ಬೇರೆ ಯಾರೂ ಓದುವುದಿಲ್ಲವೆಂದು ಆಕೆ ಮಾತು ಕೊಟ್ಟಿದ್ದಳು. ಈಗ ಆ ಹಾಳೆ ತರಗತಿಯಲ್ಲಿ ಕೈಯಿಂದ ಕೈಗೆ ದಾಟುತ್ತಿದ್ದರೆ?

ಹಾಳೆಯ ಮೇಲೆ ಬರೀ ಸಂಖ್ಯೆ. ಹೆಸರಿನ ಪಟ್ಟಿ ಆಕೆಯ ಚೀಲದಲ್ಲೇ ಇತ್ತು. ಹದಿನೇಳು ಎಂದರೆ, ಶಿಸ್ತು ನೋಡಿ ಎಲ್ಲರೂ ‘ಸಿಪಾಯಿ’ ಎಂದು ಕರೆಯುವ ಹುಡುಗಿ.

ಕಸ ಗುಡಿಸಿದ್ದ ಆಯಾಳನ್ನು ಕೇಳಿದಳು. ಬಾಗಿಲು ತೆರೆದೇ ಇತ್ತು, ಡ್ರಾಯರ್ ಮುಟ್ಟಲಿಲ್ಲ ಎಂದಳು ಆಯಾ. ಉಳಿದವಳು ಕ್ಲಾಸ್ ಟೀಚರ್. ಉತ್ತರಗಳನ್ನು ತನಗೂ ತೋರಿಸಿ ಎಂದು ಬೆಳಿಗ್ಗೆಯಷ್ಟೇ ದುಂಬಾಲು ಬಿದ್ದಿದ್ದಳು.

ಸಿಪಾಯಿಯ ಹಾಳೆ ಕಾಣುತ್ತಿಲ್ಲ ಎಂದಾಗ ಟೀಚರ್ ಮುಖ ಚಿಕ್ಕದಾಯಿತು. “ಕೇಳಿದ್ದು ನಿಜ ಮೇಡಂ. ಆದ್ರೆ ನಾನು ಕದಿಯೋಳಲ್ಲ. ಅದೂ ಅವಳ ಹಾಳೆ ಯಾಕೆ? ಇಡೀ ಕ್ಲಾಸಲ್ಲಿ ತೊಂದರೆ ಇಲ್ಲದವಳು ಅವಳೊಬ್ಬಳೇ. ಒಂದು ಅಕ್ಷರ ತಪ್ಪಿದ್ರೂ ಪುಟ ಪೂರ್ತಿ ಮತ್ತೆ ಬರೀತಾಳೆ.”

ಪೂರ್ತಿ ಮತ್ತೆ?

ಸಮಾಲೋಚಕಿ ಓಡಿಬಂದು ಡ್ರಾಯರ್ ಎಳೆದಳು. ಗಂಟೆ ಹೊಡೆದಾಗ ಹಾಳೆಗಳನ್ನು ಹೇಗೆಂದರೆ ಹಾಗೆ ತುರುಕಿ ಹೋಗಿದ್ದಳಲ್ಲ? ಈಗ ಅವು ಅಂಚಿಗೆ ಅಂಚು ಕೂಡಿ, ಸಂಖ್ಯೆಯ ಕ್ರಮದಲ್ಲಿದ್ದವು. ಕಣ್ಣೆದುರೇ ಇದ್ದದ್ದು ಆಗ ಕಂಡಿರಲಿಲ್ಲ.

ಹುಡುಗಿಯನ್ನು ಒಬ್ಬಳನ್ನೇ ಕರೆಸಿದಳು.

“ಕದಿಯೋಕೆ ಬಂದವರಿಗೆ ಅವಸರ ಇರುತ್ತೆ. ಇಲ್ಲಿ ಬಂದವರು ಮಿಕ್ಕ ಮೂವತ್ತೊಂಬತ್ತನ್ನೂ ಜೋಡಿಸಿಟ್ಟಿದ್ದಾರೆ. ಹಾಗೇ ಬಿಟ್ಟು ಹೋಗೋಕೆ ನಿನ್ನ ಕೈಲಿ ಆಗಲಿಲ್ಲ, ಅಲ್ವಾ ಪುಟ್ಟಾ?”

ಹುಡುಗಿ ಪುಸ್ತಕದ ನಡುವಿನಿಂದ ಹಾಳೆ ತೆಗೆದು ಇಟ್ಟಳು. ಉಜ್ಜಿ ಉಜ್ಜಿ ಎರಡು ಕಡೆ ತೂತು ಬಿದ್ದಿತ್ತು.

“‘ಕೆಲವೊಮ್ಮೆ’ ಅಂತ ಹಾಕಿದ್ದೆ ಮಿಸ್. ಅದು ಸುಳ್ಳಾದ್ರೆ ಅಮ್ಮನಿಗೆ ಏನಾದ್ರೂ ಆಗುತ್ತೆ ಅನ್ನಿಸ್ತು. ಅದಕ್ಕೇ ತಗೊಂಡು ಹೋಗಿ, ಅಳಿಸಿ ‘ಯಾವಾಗಲೂ’ ಅಂತ ಹಾಕಿದೆ. ಅದೂ ಸುಳ್ಳು ಅನ್ನಿಸ್ತು.”

ಸಮಾಲೋಚಕಿ ಹಾಳೆಯನ್ನು ಬದಿಗಿಟ್ಟು, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇದು ಅವಳ ತಪ್ಪಲ್ಲವೆಂದೂ ವಾಸಿಯಾಗುವಂಥದ್ದೆಂದೂ ಹೇಳಿದಳು. ಅಮ್ಮನಿಗೆ ಇಬ್ಬರೂ ಸೇರಿ ಹೇಳೋಣ ಎಂದಾಗ ಹುಡುಗಿ ಹೂಂ ಎಂದು ತಲೆಯಾಡಿಸಿದಳು.

“ಈಗ ಗುರುತು ಬೇಡ. ಬಾಯಲ್ಲೇ ಹೇಳು. ಯಾವಾಗಿಂದ?”

“ಹೋದ ವರ್ಷದಿಂದ.” ಹುಡುಗಿ ನಿಲ್ಲಿಸಿದಳು. “ಅಲ್ಲ... ಅದಕ್ಕೂ ಮುಂಚೆ. ತಡೀರಿ ಮಿಸ್, ಮೊದಲಿಂದ ಹೇಳ್ತೀನಿ.”

ಸಮಾಲೋಚಕಿ ಅವಸರಪಡಿಸಲಿಲ್ಲ.